ವಾಂಗನುಯಿ ನದಿಯಲ್ಲಿ ಕಯಾಕ್: ವಕಹೊರೊದಿಂದ ಪಿಪಿರಿಕಿಯವರೆಗೆ (ಅನುಭವ, ಪ್ರಶ್ನೆ, ಚರ್ಚೆ)

ತುಂಗಾತೀರ

ನ್ಯೂಜಿಲೆಂಡಿನ ಉತ್ತರ ದ್ವೀಪದ ವಾಂಗನುಯಿ ನದಿಯ ಬಗ್ಗೆ ಹೊರಡುವ ಮುಂಚೆ ಕನ್ನಡದಲ್ಲಿ ಹುಡುಕಿದ್ದೆ, ಕೈಗೆ ಹತ್ತುವಂಥದ್ದು ಸಿಗಲಿಲ್ಲ. ಈಗ ಹೋಗಿ ಬಂದಿದ್ದೇನೆ. ಮುಂದೆ ಹೋಗುವವರಿಗೆ ಇರಲಿ ಅಂತ ಬರೆಯುತ್ತಿದ್ದೇನೆ. ಬರಹ ಉದ್ದ ಇದೆ, ಬಿಡುವಾದಾಗ ಓದಿ.

ಟೊಂಗಾರಿರೊ ಜ್ವಾಲಾಮುಖಿಯ ಇಳಿಜಾರಿನಲ್ಲಿ ಹುಟ್ಟಿ 290 ಕಿ.ಮೀ. ಹರಿದು ಟಾಸ್ಮನ್ ಸಮುದ್ರ ಸೇರುವ ಹೊಳೆ ಇದು. ಆ ದೇಶದವರು ತಮ್ಮ ಅತ್ಯುತ್ತಮ ಚಾರಣದ ದಾರಿಗಳನ್ನು 'ಗ್ರೇಟ್ ವಾಕ್' ಅಂತ ಗುರುತಿಸಿದ್ದಾರೆ. ಆ ಪಟ್ಟಿಯಲ್ಲಿ ಕಾಲಿನ ಬದಲು ದೋಣಿಯ ಹುಟ್ಟಿನ ಮೇಲೆ ಸಾಗುವ ದಾರಿ ಇದೊಂದೇ. ಟೌಮರುನುಯಿ ಊರಿನಿಂದ ಹೊರಟರೆ ಪಿಪಿರಿಕಿಗೆ 145 ಕಿ.ಮೀ., ಐದು ದಿನ ಬೇಕು. ನಡುವಿನ ವಕಹೊರೊದಲ್ಲಿ ನೀರಿಗಿಳಿದರೆ ಪಿಪಿರಿಕಿಗೆ ಸುಮಾರು 87 ಕಿ.ಮೀ., ಮೂರು ದಿನ. ನಾವು ಹಿಡಿದದ್ದು ಎರಡನೆಯದನ್ನು.

'ನಾವು' ಅಂದರೆ ರುವಾಪೆಹು ಬೆಟ್ಟದ ಬುಡದ ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಗುರುತಾದವರು. ಜರ್ಮನಿಯ ಒಬ್ಬಳು ನರ್ಸ್, ಚಿಲಿ ದೇಶದ ಇಬ್ಬರು ಗೆಳೆಯರು, ಸ್ಕಾಟ್ಲೆಂಡಿನ ಒಬ್ಬ ನಿವೃತ್ತ ಮೇಷ್ಟ್ರು, ಮತ್ತೆ ತೀರ್ಥಹಳ್ಳಿಯ ನಾನು. ಮೇಷ್ಟ್ರು ಹರೆಯದಿಂದಲೂ ಕಯಾಕ್, ಅಂದರೆ ಮೇಲೆ ಮುಚ್ಚಿದ ಕಿರಿದಾದ ದೋಣಿ, ನಡೆಸಿದವರು. ಹುಟ್ಟು ಹಿಡಿಯುವ ಕ್ರಮವನ್ನು ಮೊದಲು ಹೇಳಿಕೊಟ್ಟದ್ದು ಅವರೇ, ಹಾಸ್ಟೆಲ್ಲಿನ ಅಂಗಳದಲ್ಲಿ ಕಸಬರಿಗೆಯ ಕೋಲು ಹಿಡಿದು. ಕಯಾಕ್ ನನಗೆ ಸಿಕ್ಕಿತು. ಉಳಿದ ನಾಲ್ವರು ಇಬ್ಬಿಬ್ಬರಾಗಿ ತೆರೆದ ಕೆನಡಿಯನ್ ದೋಣಿಗಳಲ್ಲಿ. ಈ ನದಿಯಲ್ಲಿ ಹೆಚ್ಚಿನವರು ಬಳಸುವುದು ಆ ದೋಣಿಯನ್ನೇ, ಯಾಕೆಂದರೆ ಸಾಮಾನು ತುಂಬಿದ ಪ್ಲಾಸ್ಟಿಕ್ ಪೀಪಾಯಿಗಳನ್ನು ಅದರಲ್ಲಿ ಸಾಲಾಗಿ ಕಟ್ಟಿಕೊಳ್ಳಬಹುದು.

ಹೊರಡಬೇಕಿದ್ದ ಬೆಳಿಗ್ಗೆ ಮಳೆ ನಿಂತಿತ್ತು, ಬಿಸಿಲು ಬಂದಿತ್ತು. ಆದರೂ ದೋಣಿ ಬಾಡಿಗೆ ಕೊಡುವವರು 'ಇವತ್ತು ಬಿಡುವುದಿಲ್ಲ' ಅಂದರು. ಚಿಲಿಯ ಹುಡುಗನಿಗೆ ಸಿಟ್ಟು ಬಂತು. ವೆಲಿಂಗ್ಟನ್‌ನಿಂದ ಪಿಕ್ಟನ್‌ಗೆ ಹೋಗುವ ಹಡಗಿನ ಟಿಕೆಟ್ ಅವನ ಜೇಬಿನಲ್ಲಿತ್ತು. ಇಷ್ಟು ಚೆಂದದ ಬಿಸಿಲಿಗೆ ಏನು ತೊಂದರೆ ಅಂತ ಅವನ ವಾದ. ಮೇಷ್ಟ್ರು ವಾದಕ್ಕೆ ಹೋಗಲಿಲ್ಲ. ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಹೊಳೆಯ ಸೇತುವೆಗೆ ಕರೆದುಕೊಂಡು ಹೋದರು. ಕೆಳಗೆ ಕೆಂಪು ನೀರು, ಅದರಲ್ಲಿ ಬೇರುಸಮೇತ ಮರಗಳು ತೇಲಿ ಹೋಗುತ್ತಿದ್ದವು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ಹಾಸ್ಟೆಲ್ಲಿಗೆ ಬಂದವನೇ ಟಿಕೆಟ್ ಬದಲಿಸಿದ.

ಆ ಕೊಳ್ಳದ ಮಣ್ಣು ಎಂಥದ್ದು ಅಂತ ಗೊತ್ತಾದರೆ ಇದು ಅರ್ಥವಾಗುತ್ತದೆ. ಎರಡೂ ದಡ ಮೆತ್ತನೆಯ ಜೇಡಿಕಲ್ಲು, ಅಲ್ಲಿಯವರು 'ಪಾಪಾ' ಅನ್ನುತ್ತಾರೆ. ಬೆಟ್ಟಗಳು ಕಡಿದಾದವು, ಮಳೆ ನೀರು ಇಂಗದೆ ಜಾರಿ ನೇರ ಹೊಳೆಗೆ ಬೀಳುತ್ತದೆ. ಮೇಲೆ ಎಲ್ಲೋ ಸುರಿದ ಮಳೆಗೆ ಕೆಳಗೆ ಬಿಸಿಲಲ್ಲಿ ಕೂತವರ ಹತ್ತಿರ ನೀರು ಏರುತ್ತದೆ. ಏರಿದಷ್ಟೇ ಬೇಗ ಇಳಿಯುತ್ತದೆ ಕೂಡ. ಕಾಯುವುದಷ್ಟೇ ನಮ್ಮ ಕೆಲಸ.

ಮರುದಿನ ಬಿಟ್ಟರು. ವಕಹೊರೊ ದಾಟಿದ ಮೇಲೆ ರಸ್ತೆ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಎರಡೂ ಕಡೆ ಜರಿಗಿಡ ಮುಚ್ಚಿದ ಗೋಡೆಗಳು, ಮೇಲಿಂದ ಎಳೆ ಎಳೆಯಾಗಿ ಇಳಿಯುವ ಜಲಪಾತಗಳು, ತುಯಿ ಹಕ್ಕಿಯ ಕೂಗು. ಮೊದಲ ದಿನವೇ ಅತಿ ಉದ್ದದ ದಾರಿ, ಜಾನ್ ಕೂಲ್ ಹಟ್ ಅನ್ನುವ ತಂಗುಮನೆಯವರೆಗೆ ಸುಮಾರು 37 ಕಿ.ಮೀ. ಭುಜ ಸೋತಿತ್ತು. ಆದರೆ ದಡ ಮುಟ್ಟಿದ ಮೇಲೆ ವಿಶ್ರಾಂತಿಯಿಲ್ಲ. ಜಾರುವ ಕೆಸರಿನ ಮೇಲೆ ದೋಣಿಗಳನ್ನು ಎತ್ತಿ ಮೇಲಕ್ಕೆ ಸಾಗಿಸಿ ಮರಕ್ಕೆ ಕಟ್ಟಬೇಕು. ರಾತ್ರಿ ನೀರು ಏರಿದರೆ ಬೆಳಿಗ್ಗೆ ದೋಣಿ ಇರುವುದಿಲ್ಲ.

ಎರಡನೇ ದಿನ ಮಂಗಪುರುವಾದಲ್ಲಿ ದೋಣಿ ಕಟ್ಟಿ ಕಾಡಿನೊಳಗೆ ಮುಕ್ಕಾಲು ಗಂಟೆಯ ಹತ್ತಿರ ನಡೆದರೆ ಒಂದು ಕಾಂಕ್ರೀಟ್ ಸೇತುವೆ ಇದೆ. ಆಚೆಗೂ ಕಾಡು, ಈಚೆಗೂ ಕಾಡು. 'ಎಲ್ಲಿಗೂ ಹೋಗದ ಸೇತುವೆ' ಅಂತಲೇ ಅದರ ಹೆಸರು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಈ ಕಣಿವೆಯಲ್ಲಿ ಜಮೀನು ಕೊಟ್ಟಿತು. ಅವರು ಕಾಡು ಕಡಿದು ಹುಲ್ಲು ಬಿತ್ತಿದರು, ಮಣ್ಣು ಕುಸಿಯಿತು, ಬೆಲೆ ಬಿತ್ತು. 1936ರಲ್ಲಿ ಸೇತುವೆ ಮುಗಿಯುವ ಹೊತ್ತಿಗೆ ಬಹಳ ಮನೆಗಳು ಖಾಲಿಯಾಗಿದ್ದವು, 1942ರಲ್ಲಿ ಉಳಿದವರೂ ಎದ್ದರು. ಮುಳುಗಡೆಯಾಗಿ ಊರು ಬಿಟ್ಟ ಶರಾವತಿ ಕಣಿವೆಯವರ ಮಾತು ಕೇಳುತ್ತಾ ಬೆಳೆದ ನನಗೆ ಅಲ್ಲಿ ಬಹಳ ಹೊತ್ತು ನಿಲ್ಲಬೇಕು ಅನ್ನಿಸಿತು.

ಆ ಸಂಜೆ ತಿಯೆಕೆ ಕಾಯಿಂಗದಲ್ಲಿ ತಂಗಿದೆವು. ಇದು ಸಂರಕ್ಷಣಾ ಇಲಾಖೆಯ ಹಟ್ ಕೂಡ ಹೌದು, ಆ ದೇಶದ ಮೂಲನಿವಾಸಿಗಳಾದ ಮಾವೋರಿ ಜನರ 'ಮರಾಯ್', ಅಂದರೆ ಕುಲದ ಸಭಾಸ್ಥಳ ಕೂಡ ಹೌದು. 1993ರಲ್ಲಿ ನದಿಯ ಮಕ್ಕಳು ತಮ್ಮ ಈ ಹಳೆಯ ನೆಲೆಗೆ ಮರಳಿ ಬಂದು ಕೂತರು, ಅಲ್ಲಿಂದ ಇಲ್ಲಿ ಅವರದೇ ಕ್ರಮ. ಆ ಮನೆಯವರು ಇದ್ದ ದಿನ ಬಂದವರನ್ನು ವಿಧಿಯ ಪ್ರಕಾರ ಸ್ವಾಗತಿಸುತ್ತಾರೆ. ಅವರು ಮಾತಾಡುತ್ತಾರೆ, ಹಾಡುತ್ತಾರೆ, ಉತ್ತರವಾಗಿ ಅತಿಥಿಗಳೂ ಹಾಡಬೇಕು. ನಾನು ಅಜ್ಜಿ ಗಂಗೆಪೂಜೆಯಲ್ಲಿ ಹಾಡುತ್ತಿದ್ದ ಹಾಡೊಂದನ್ನು ಹೇಳಿದೆ. ಇದು ಏತರ ಹಾಡು ಅಂತ ಮನೆಯ ಹಿರಿಯಾಕೆ ಕೇಳಿದರು. ಮದುವೆಗೆ ಮುಂಚೆ ಹೊಳೆಗೆ ಹೋಗಿ ನೀರಿಗೆ ಅರಿಶಿನ ಕುಂಕುಮ ಕೊಟ್ಟು ಕೊಡ ತುಂಬಿಸಿ ತರುತ್ತೇವೆ ಅಂದೆ. ಆಮೇಲೆ ಊಟಕ್ಕೆ ಅವರ ಪಕ್ಕದಲ್ಲೇ ಕೂರಿಸಿಕೊಂಡರು.

ಕೊನೆಯ ದಿನದ ದಾರಿ ಕಡಿಮೆ, 21 ಕಿ.ಮೀ. ಆಸುಪಾಸು. ಆದರೆ ದೊಡ್ಡ ರಭಸಗಳು ಇರುವುದು ಅಲ್ಲೇ. ಅದರಲ್ಲೊಂದಕ್ಕೆ 'ಫಿಫ್ಟಿ-ಫಿಫ್ಟಿ' ಅಂತ ಅಡ್ಡಹೆಸರು, ಅರ್ಧಕ್ಕರ್ಧ ದೋಣಿ ಮಗುಚುತ್ತದೆ ಅಂತ. ಮೇಷ್ಟ್ರು, ನರ್ಸ್ ಮೊದಲು ಇಳಿದರು, ಹಿಂದೆ ನಾನು. ಮೂವರೂ ಕೆಳಗೆ ಪಕ್ಕದ ಎಡ್ಡಿಯಲ್ಲಿ, ಅಂದರೆ ನೀರು ಹಿಮ್ಮೊಗವಾಗಿ ತಿರುಗಿ ನಿಧಾನವಾಗುವ ಜಾಗದಲ್ಲಿ, ನಿಂತು ಕಾದೆವು. ಚಿಲಿಯವರ ದೋಣಿ ಅಲೆಗೆ ಅಡ್ಡವಾಯಿತು, ನೀರು ತುಂಬಿತು, ಮಗುಚಿತು. ಇಬ್ಬರೂ ಹೇಳಿಕೊಟ್ಟಂತೆ ಅಂಗಾತ ಮಲಗಿ ಕಾಲು ಮುಂದೆ ಮಾಡಿ ತೇಲಿ ಬಂದರು. ಒಬ್ಬ ನನ್ನ ಕಯಾಕಿನ ಹಿಂಬದಿಯ ಹಿಡಿಕೆ ಹಿಡಿದ, ಇನ್ನೊಬ್ಬನಿಗೆ ಮೇಷ್ಟ್ರು ಹಗ್ಗ ಎಸೆದರು. ಪೀಪಾಯಿಗಳನ್ನು ಬಿಗಿಯಾಗಿ ಕಟ್ಟಿದ್ದರಿಂದ ಒಂದು ಚಮಚವೂ ಕಳೆಯಲಿಲ್ಲ. ದಡದಲ್ಲಿ ನಡುಗುತ್ತಾ ಕೂತ ಹುಡುಗ, 'ಮೊನ್ನೆಯ ನೀರಿನಲ್ಲಿ ಇದು ಆಗಿದ್ದರೆ?' ಅಂದ. ನರ್ಸ್ ಅವನ ಒದ್ದೆ ಅಂಗಿ ತೆಗೆಸಿ ಉಣ್ಣೆಯದು ತೊಡಿಸುತ್ತಿದ್ದಳು. ಯಾರೂ ಉತ್ತರ ಕೊಡಲಿಲ್ಲ.

ಪ್ರಶ್ನೆ ಇದ್ದರೆ ಕೇಳಿ.

ಬೆಂಗಳೂರು_ಬ್ಯಾಗು

ಅದ್ಭುತ ಬರಹ. ಒಂದು ಭಿನ್ನಾಭಿಪ್ರಾಯ ಇದೆ. ನಾವು ಕಂಪನಿಯಲ್ಲಿ ಬೇಡಿ ಬೇಡಿ ಹತ್ತು ದಿನ ರಜೆ ತಗೊಂಡು ಹೋಗೋರು. ಹಟ್ ಬುಕಿಂಗ್ ತಿಂಗಳುಗಳ ಮೊದಲೇ ಮಾಡಿರ್ತೀವಿ. ನೀರು ಇಳಿಯಲಿ ಅಂತ ಕಾಯೋದು ನಿಮ್ಮಂಥ ದೀರ್ಘ ಪ್ರಯಾಣಿಕರಿಗೆ ಸರಿ, ನಮಗೆ ಆಗಲ್ಲ. ಗೈಡ್ ಜೊತೆಗಿದ್ದರೆ ಸ್ವಲ್ಪ ಜಾಸ್ತಿ ನೀರಲ್ಲೂ ಹೋಗಬಹುದಲ್ವಾ? ರಭಸ ಇದ್ದರೇ ತಾನೇ ಮಜಾ.

ಕಾಳಿಕೊಳ್ಳ

ಬೆಂಗಳೂರಿನವರೇ, ನಾನು ಗಣೇಶಗುಡಿಯಲ್ಲಿ ರಾಫ್ಟ್ ಗೈಡ್. ನಿಮ್ಮ ಪ್ರಶ್ನೆ ವಾರಕ್ಕೊಮ್ಮೆ ಕೇಳ್ತೇನೆ, ಹಾಗಾಗಿ ವಿವರವಾಗಿ ಹೇಳ್ತೇನೆ.

ನಮ್ಮ ಕಾಳಿ ಹುಟ್ಟಿ ಸಮುದ್ರ ಸೇರುವವರೆಗೆ 184 ಕಿ.ಮೀ. ಅಷ್ಟರೊಳಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟುಗಳು. ನಾವು ರಾಫ್ಟ್ ಬಿಡುವ ಜಾಗಕ್ಕೆ ನೀರು ಬರೋದು ಸೂಪಾದಲ್ಲಿ ಕರೆಂಟ್ ಮಾಡಲು ಬಿಟ್ಟಾಗ. ಬಿಟ್ಟರೆ ಹೊಳೆ, ಬಿಡದಿದ್ದರೆ ಬಂಡೆ. ಬೆಳಿಗ್ಗೆ ಮೊಣಕಾಲಷ್ಟು ಇದ್ದಲ್ಲಿ ಸ್ವಲ್ಪ ಹೊತ್ತಿಗೆ ಆಳು ಮುಳುಗುವಷ್ಟು ಆಗ್ತದೆ. ಹಾಗಾಗಿ ಗೈಡ್ ಆದವನು ದಿನಾ ಮೊದಲು ಕೇಳೋದು ನೀರಿನ ಸುದ್ದಿ, ಆಮೇಲೆ ಗಿರಾಕಿಗಳದ್ದು.

ನೀರು ಜಾಸ್ತಿಯಾದರೆ ಬರೀ ಅಲೆ ದೊಡ್ಡದಾಗೋದಲ್ಲ ಮಾರಾಯ್ರೇ. ನಿಲ್ಲುವ ಜಾಗಗಳು ಮಾಯ ಆಗ್ತವೆ. ಅಕ್ಕ ಬರೆದಿದ್ದಾರಲ್ಲ, ಎಡ್ಡಿಯಲ್ಲಿ ನಿಂತು ಕಾದೆವು ಅಂತ. ದಡದ ಬಂಡೆ ಮುಳುಗಿದರೆ ಆ ಎಡ್ಡಿಯೇ ಇರೋದಿಲ್ಲ, ಮಗುಚಿದವನನ್ನು ಹಿಡಿಯೋರು ಎಲ್ಲಿ ನಿಲ್ಲಬೇಕು? ಎರಡನೇದು, ನೀರು ದಡದ ಮರಗಳ ಒಳಗೆ ಹರೀತದೆ. ಕೊಂಬೆಗಳ ನಡುವೆ ನೀರು ಹೋಗ್ತದೆ, ಮನುಷ್ಯ ಹೋಗೋದಿಲ್ಲ, ಅಲ್ಲೇ ಒತ್ತಿ ಹಿಡೀತದೆ. ಲೈಫ್ ಜಾಕೆಟ್ ಇದ್ದರೂ ಅಷ್ಟೇ. ನಮ್ಮ ಕಸುಬಿನಲ್ಲಿ ದೊಡ್ಡ ಅಲೆಗಿಂತ ಬಿದ್ದ ಮರಕ್ಕೆ ಹೆಚ್ಚು ಹೆದರ್ತೇವೆ.

ಇನ್ನೊಂದು: ದೋಣಿ ಬಂಡೆಗೆ ತಾಗಿದರೆ ಹೊಸಬರು ಹೆದರಿ ಬಂಡೆಯಿಂದ ಆಚೆಗೆ ವಾಲ್ತಾರೆ. ಆಗ ಮೇಲಿಂದ ಬರುವ ನೀರು ಅಂಚು ಹತ್ತಿ ಒಳಗೆ ನುಗ್ಗಿ ದೋಣಿಯನ್ನು ಬಂಡೆಗೆ ಸುತ್ತಿಬಿಡ್ತದೆ. ಬಂಡೆಯ ಕಡೆಗೇ ವಾಲಬೇಕು, ಅದನ್ನು ಅಪ್ಪಿಕೊಳ್ಳಬೇಕು. ಇದನ್ನು ದಡದಲ್ಲಿ ಹತ್ತು ಸಲ ಹೇಳಿಸಿಯೇ ನಾನು ನೀರಿಗೆ ಇಳಿಸೋದು.

ಗೈಡ್ ಇದ್ದರೆ ಹೋಗಬಹುದಲ್ವಾ ಅಂತ ಕೇಳಿದಿರಿ. ಬೇಡ ಅಂತ ಹೇಳೋದಕ್ಕೇ ಗೈಡ್ ಇರೋದು.

ಧಾರವಾಡ_ಮಂದಿ

ಅಕ್ಕಾರ, ಓದಿ ಮೈ ಝುಮ್ ಅಂತು. ನನಗ ಈಜು ಬರಂಗಿಲ್ಲ ನೋಡ್ರಿ. ಮನಿ ಮಂದಿ ನೀರಂದ್ರ ಅಂಜ್ತಾರ. ನವಿಲುತೀರ್ಥಕ್ಕ ಹೋದಾಗೂ ದಂಡಿಮ್ಯಾಲೆ ನಿಂತು ಬಂದಾಂವ ನಾ. ಆದ್ರ ಕಯಾಕ್ ಮಾಡ್ಬೇಕಂತ ಭಾಳ ಆಸೆ ಅದ. ಲೈಫ್ ಜಾಕೆಟ್ ಹಾಕ್ಕೊಂಡ್ರ ಸಾಕಲ್ರಿ? ಇನ್ನೊಂದು, ನಾವು ಶಾಕಾಹಾರಿ ಮಂದಿ. ಅಲ್ಲಿ ಊಟದ ವ್ಯವಸ್ಥಾ ಹೆಂಗ?

ತುಂಗಾತೀರ

@ಧಾರವಾಡ_ಮಂದಿ ಅಣ್ಣಾ, ಈಜು ಕಲಿತು ಹೋಗಿ ಅಂತಲೇ ನನ್ನ ಮಾತು. ಜಾಕೆಟ್ ನಿಮ್ಮನ್ನು ತೇಲಿಸುತ್ತದೆ, ನಿಜ. ಆದರೆ ತಣ್ಣೀರಿಗೆ ದಿಢೀರನೆ ಬಿದ್ದಾಗ ಉಸಿರು ಸಿಕ್ಕಿಕೊಳ್ಳುತ್ತದೆ. ಆ ಮೊದಲ ಅರ್ಧ ನಿಮಿಷ ಗಾಬರಿಯಾಗದೆ ಉಸಿರಾಡುವುದು ನೀರಿನ ಅಭ್ಯಾಸ ಇದ್ದವರಿಗೆ ಮಾತ್ರ ಸಾಧ್ಯ. ನಾನು ತುಂಗೆಯಲ್ಲಿ ಚಿಕ್ಕಂದಿನಿಂದ ಈಜಿದವಳು, ಆದರೂ ಅಲ್ಲಿಯ ನೀರಿನ ಚಳಿ ಬೇರೆಯದೇ.

ಮೊದಲು ಕದಲದ ನೀರಿನಲ್ಲಿ ಕೂತು ನೋಡಿ. ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಮಾಡಿಸುತ್ತಾರೆ. ಅಲ್ಲಿ ಹುಟ್ಟು ಹಾಕುವ ಕೈ ಪಳಗುತ್ತದೆ. ತೋಳಿನಿಂದ ಎಳೆಯಬೇಡಿ, ಸೊಂಟ ತಿರುಗಿಸಿ ಬೆನ್ನಿನಿಂದ ಎಳೆಯಿರಿ. ಇದೊಂದು ಗೊತ್ತಾದರೆ 37 ಕಿ.ಮೀ. ಆಗುತ್ತದೆ, ಗೊತ್ತಾಗದಿದ್ದರೆ ಐದಕ್ಕೇ ಕೈ ಬಿದ್ದುಹೋಗುತ್ತದೆ.

ಊಟಕ್ಕೆ ನಾನು ಅವಲಕ್ಕಿ ನಂಬಿದವಳು. ಒಲೆ ಹೊತ್ತಿಸದೆ ದೋಣಿಯಲ್ಲೇ ಬಟ್ಟಲಲ್ಲಿ ನೆನೆಸಿ ಚಟ್ನಿಪುಡಿ ಕಲಸಿದರೆ ಮಧ್ಯಾಹ್ನ ಮುಗಿಯಿತು. ಕೊನೆಯ ಹೊತ್ತಿಗೆ ಜರ್ಮನ್ ನರ್ಸ್ ಕೂಡ ತನ್ನ ಬ್ರೆಡ್ ಬಿಟ್ಟು ಇದನ್ನೇ ಕೇಳುತ್ತಿದ್ದಳು. ರಾತ್ರಿ ಹಟ್‌ನಲ್ಲಿ ಬೇಳೆ, ಅನ್ನ. ಹಟ್‌ಗಳ ತೊಟ್ಟಿಯಲ್ಲಿ ಮಳೆನೀರು ಇರುತ್ತದೆ, ಕುದಿಸಿ ಕುಡಿಯಿರಿ. ಕಸವನ್ನೆಲ್ಲ ವಾಪಸ್ ಹೊತ್ತು ತರಬೇಕು.

ಆಕ್ಲೆಂಡ್_ಕನ್ನಡತಿ

ಇಲ್ಲಿ ವಾಸ ಇರುವವಳಾಗಿ ಕೆಲವು ಮಾತು ಸೇರಿಸುತ್ತೇನೆ.

ಚಟ್ನಿಪುಡಿ, ಅವಲಕ್ಕಿ ತರುವವರು ವಿಮಾನ ನಿಲ್ದಾಣದಲ್ಲಿ ಫಾರ್ಮಿನಲ್ಲಿ 'ಆಹಾರ ಇದೆ' ಅಂತ ಬರೆದು ತೋರಿಸಲೇಬೇಕು. ಮುಚ್ಚಿಟ್ಟು ಸಿಕ್ಕರೆ ಸ್ಥಳದಲ್ಲೇ 400 ಡಾಲರ್ ದಂಡ. ತೋರಿಸಿದರೆ ಸಾಮಾನ್ಯವಾಗಿ ನೋಡಿ ಬಿಡುತ್ತಾರೆ, ಆಗದ್ದನ್ನು ಇಟ್ಟುಕೊಳ್ಳುತ್ತಾರೆ ಅಷ್ಟೇ. ಹಸಿ ಹಣ್ಣು, ಜೇನು, ಬಿತ್ತಬಹುದಾದ ಬೀಜ ತರಲೇಬೇಡಿ. ಬೇಳೆ ಅಕ್ಕಿಯೆಲ್ಲ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ.

ಸೀಸನ್ ಅಕ್ಟೋಬರ್‌ನಿಂದ ಏಪ್ರಿಲ್ ಕೊನೆಯವರೆಗೆ. ಆ ತಿಂಗಳುಗಳಲ್ಲಿ ಹಟ್‌ಗೂ ಟೆಂಟಿನ ಜಾಗಕ್ಕೂ ಮುಂಗಡ ಬುಕಿಂಗ್ ಕಡ್ಡಾಯ. @ಬೆಂಗಳೂರು_ಬ್ಯಾಗು, ನಿಮ್ಮ ಹತ್ತು ದಿನದಲ್ಲೇ ಇದನ್ನು ಹೊಂದಿಸಬಹುದು. ನದಿಯನ್ನು ಮೊದಲಿಗಿಟ್ಟುಕೊಂಡು ಅದರ ನಂತರ ಎರಡು ದಿನ ಏನೂ ಬುಕ್ ಮಾಡದೆ ಬಿಡಿ. ನೀರು ಏರದೆ ಸರಿಯಾಗಿದ್ದರೆ ಆ ಎರಡು ದಿನದಲ್ಲಿ ಟೊಂಗಾರಿರೊ ಕ್ರಾಸಿಂಗ್ ಅನ್ನುವ ಬೆಟ್ಟದ ಚಾರಣ ಮಾಡಿ, ಪಕ್ಕದಲ್ಲೇ ಇದೆ. ಪ್ರವಾಸದ ಕೊನೆಗೆ ನದಿಯನ್ನು ಇಟ್ಟುಕೊಂಡವರೇ ವಿಮಾನದ ಸಮಯ ನೋಡಿಕೊಂಡು ಅವಸರಕ್ಕೆ ಬೀಳುವುದು.

ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್ ಬಾಡಿಗೆಗೆ ಸಿಗುತ್ತದೆ, ತಗೊಳ್ಳಿ. ಜೀನ್ಸ್, ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಯ ಕಾವನ್ನೇ ಎಳೆದುಕೊಳ್ಳುತ್ತದೆ. ಕೆಳಭಾಗದಲ್ಲಿ ಜೆಟ್ ಬೋಟುಗಳು ಓಡಾಡುತ್ತವೆ, ಸದ್ದು ಕೇಳಿದ ತಕ್ಷಣ ಬಲಬದಿಗೆ ಸರಿಯಿರಿ. ಸೊಳ್ಳೆಗಿಂತ ಚಿಕ್ಕ ಒಂದು ನೊಣ ಇದೆ, ಸ್ಯಾಂಡ್‌ಫ್ಲೈ. ಅದಕ್ಕೆ ಉದ್ದ ತೋಳಿನ ಅಂಗಿಯೇ ಮದ್ದು.

ವಕೀಲರ_ಜಗಲಿ

ತಿಯೆಕೆಯ ಪ್ರಸಂಗ ಓದಿ ಖುಷಿಯಾಯಿತು. ಈ ನದಿಗೆ ಇನ್ನೊಂದು ಕಥೆಯಿದೆ, ಅದು ಇಲ್ಲಿ ಬರಲೇಬೇಕು.

ವಾಂಗನುಯಿ ಕುಲದವರು 1870ರ ದಶಕದಿಂದಲೇ ತಮ್ಮ ನದಿಗಾಗಿ ಸಂಸತ್ತಿಗೆ ಮನವಿ ಕೊಡುತ್ತಾ ಬಂದವರು. 'ನಾನೇ ನದಿ, ನದಿಯೇ ನಾನು' ಎಂಬುದು ಅವರ ನುಡಿ. 2017ರ ಮಾರ್ಚಿನಲ್ಲಿ ಬಂದ ತೆ ಅವಾ ತುಪುವಾ ಕಾಯ್ದೆ ಬೆಟ್ಟದಿಂದ ಕಡಲವರೆಗಿನ ಇಡೀ ನದಿಯನ್ನು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿ ಎಂದು ಒಪ್ಪಿತು. ಅದರ ಪರವಾಗಿ ಮಾತಾಡಲು ಇಬ್ಬರು: ಒಬ್ಬರನ್ನು ಸರ್ಕಾರ, ಇನ್ನೊಬ್ಬರನ್ನು ನದಿಯ ಕುಲಗಳು ಸೂಚಿಸುತ್ತವೆ. ಪರಿಹಾರವಾಗಿ 80 ದಶಲಕ್ಷ ಡಾಲರ್, ನದಿಯ ಆರೋಗ್ಯಕ್ಕೆಂದು 30 ದಶಲಕ್ಷದ ನಿಧಿ.

ಅದೇ ತಿಂಗಳು ನಮ್ಮಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರಿಗೆ ಇದೇ ಸ್ಥಾನ ಕೊಟ್ಟಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಎರಡು ನಡೆಗಳ ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತದೆ. ಅಲ್ಲಿ ಒಂದೂವರೆ ಶತಮಾನದ ಹೋರಾಟದಿಂದ, ಮಾತುಕತೆಯಿಂದ, ಹಣ ಮತ್ತು ಹೊಣೆ ಎರಡನ್ನೂ ನಿಗದಿ ಮಾಡಿದ ಕಾಯ್ದೆ ಬಂತು. ಇಲ್ಲಿ ಒಂದು ತೀರ್ಪು ಬಂತು, ಹಲವು ರಾಜ್ಯ ದಾಟುವ ನದಿಗೆ ಮುಖ್ಯವಾಗಿ ಒಂದೇ ರಾಜ್ಯದ ಅಧಿಕಾರಿಗಳನ್ನು ಪೋಷಕರನ್ನಾಗಿ ಮಾಡಿತು. ಪ್ರವಾಹದಲ್ಲಿ ಬೆಳೆ ಹೋದರೆ ನದಿಯ ಮೇಲೆ ದಾವೆ ಹೂಡಬೇಕೇ ಎಂಬ ಪ್ರಶ್ನೆಯೂ ಎದ್ದಿತು.

ಕಾಳಿಕೊಳ್ಳ

ವಕೀಲರೇ, ಒಂದು ಕೇಳ್ಲಾ? ಆ ನದಿ ವ್ಯಕ್ತಿ ಆದ ಮೇಲೆ ಅದರ ನೀರು ಯಾರದ್ದು? ಮೇಲೆ ಅಣೆಕಟ್ಟು ಇದ್ದರೆ ಅದನ್ನು ತೆಗೆದರಾ?

ವಕೀಲರ_ಜಗಲಿ

ತೆಗೆಯಲಿಲ್ಲ. ಆಗಲೇ ಕೊಟ್ಟಿದ್ದ ಅನುಮತಿ, ಹಕ್ಕುಗಳನ್ನು ಕಾಯ್ದೆ ಕಿತ್ತುಕೊಳ್ಳಲಿಲ್ಲ.

ಆಕ್ಲೆಂಡ್_ಕನ್ನಡತಿ

@ಕಾಳಿಕೊಳ್ಳ ಟೊಂಗಾರಿರೊ ವಿದ್ಯುತ್ ಯೋಜನೆಯವರು 1970ರ ದಶಕದಿಂದ ಈ ನದಿಯ ತಲೆಯ ನೀರನ್ನು ತಿರುಗಿಸಿದ್ದಾರೆ. ಆ ನೀರು ರೊಟೊಐರಾ ಸರೋವರ, ಟೊಕಾನು ವಿದ್ಯುದಾಗಾರ ದಾಟಿ ಟೌಪೊ ಸರೋವರಕ್ಕೆ, ಅಲ್ಲಿಂದ ವೈಕಾಟೊ ನದಿಗೆ ಹೋಗುತ್ತದೆ. ವೈಕಾಟೊದಿಂದ ಆಕ್ಲೆಂಡಿಗೆ ಕುಡಿಯುವ ನೀರು ಬರುತ್ತದೆ. ಅಂದರೆ ವಾಂಗನುಯಿಗೆ ಸೇರಬೇಕಿದ್ದ ನೀರಿನ ಪಾಲು ನಮ್ಮ ಮನೆಯ ನಲ್ಲಿಯಲ್ಲೂ ಇದೆ. ಕುಲದವರ ನೋವು ಇಂದಿಗೂ ಇದೇ: ಬೆಟ್ಟದಿಂದ ಕಡಲವರೆಗೆ ಒಂದೇ ದೇಹ ಅಂದ ಮೇಲೆ ತಲೆಯ ನೀರು ಬೇರೆ ಹೊಳೆಗೆ ಹೋಗುವುದು ಹೇಗೆ ಸರಿ ಅಂತ.

ಕಾಳಿಕೊಳ್ಳ

ಅರ್ಥ ಆಯ್ತು. ಸೂಪಾ ಕೆಳಗೆ ಕೂತವರಿಗೆ ಇದು ಬೇಗ ಅರ್ಥ ಆಗ್ತದೆ. ಹಳೇ ಸೂಪಾ ಊರೇ ನೀರಿನಡಿ ಇದೆ. ಅದೇ ಅಣೆಕಟ್ಟಿನ ನೀರಿನಿಂದ ನನ್ನ ರಾಫ್ಟ್ ಬೇಸಿಗೆಯಲ್ಲೂ ಓಡ್ತದೆ, ನನ್ನ ಮಕ್ಕಳ ಫೀಸ್ ಕಟ್ಟೋದೂ ಅದರಿಂದಲೇ. ಎರಡೂ ನಿಜ.

ಬೆಂಗಳೂರು_ಬ್ಯಾಗು

ಕಾಳಿ ಅಣ್ಣಾ, ಎಡ್ಡಿ ಮಾಯ ಆಗುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ನೀರು ಜಾಸ್ತಿ ಅಂದರೆ ವೇಗ ಜಾಸ್ತಿ ಅಂತಷ್ಟೇ ಅಂದ್ಕೊಂಡಿದ್ದೆ. ನದಿ ಮೊದಲು, ಆಮೇಲೆ ಎರಡು ದಿನ ಖಾಲಿ: ಹೀಗೇ ಪ್ಲಾನ್ ಮಾಡ್ತೀನಿ. ರಭಸದ ನೀರಿನಲ್ಲಿ ಕಯಾಕ್ ಕಲಿಯೋಕೆ ಹತ್ತಿರದಲ್ಲಿ ಏನಿದೆ?

ತುಂಗಾತೀರ

ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಕೋಡಂಚೇರಿಯಲ್ಲಿ ಮಳೆಗಾಲದಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ, 2013ರಲ್ಲಿ ಶುರುವಾದದ್ದು. ಚಾಲಿಪ್ಪುಳ, ಇರುವಂಜಿಪ್ಪುಳ ಹೊಳೆಗಳಲ್ಲಿ ಬೇರೆ ಬೇರೆ ದೇಶದ ಕಯಾಕಿಗರು ಇಳಿಯುತ್ತಾರೆ. ದಡದಲ್ಲಿ ನಿಂತು ಒಂದು ದಿನ ನೋಡಿದರೂ ನೀರಿನ ಗೆರೆ ಓದುವುದು ಸ್ವಲ್ಪ ತಿಳಿಯುತ್ತದೆ. ಮೇಲಿನಿಂದ ನೋಡಿದಾಗ ನಯವಾದ ನೀರು ನಾಲಿಗೆಯ ಹಾಗೆ ಕೆಳಮುಖವಾಗಿ ಚೂಪಾಗಿದ್ದರೆ ಅದು ದಾರಿ. ಚೂಪು ನಮ್ಮ ಕಡೆಗೆ ಇದ್ದರೆ ಅಲ್ಲಿ ನೀರಿನಡಿ ಬಂಡೆ ಇದೆ.

ಧಾರವಾಡ_ಮಂದಿ

ನಾ ಎಲ್ಲಾ ಓದೀನ್ರಿ. ಈಜು ಕಲೀಲಿಕ್ಕೆ ಹೆಸರು ಹಚ್ಚಿ ಬಂದೆ, ಸೋಮವಾರದಿಂದ ಬೆಳಿಗ್ಗೆ ಬ್ಯಾಚ್. ಕಾಳಿ ಅಣ್ಣಾರ, ಕಲ್ತ ಮ್ಯಾಲೆ ನಿಮ್ಮ ಕಡೆ ಬಂದ್ರ ಕಯಾಕ್ ಹೇಳಿಕೊಡ್ತೀರೇನು?

ಕಾಳಿಕೊಳ್ಳ

ಬನ್ನಿ. ಮಳೆಗಾಲ ಕಳೆದು ನವೆಂಬರ್ ಹೊತ್ತಿಗೆ ಬಂದರೆ ಒಳ್ಳೇದು. ಮೊದಲು ಹಿನ್ನೀರಿನಲ್ಲಿ ಬೇಕಂತಲೇ ಮಗುಚಿಸ್ತೇನೆ. ತಲೆಕೆಳಗಾದಾಗ ಕಯಾಕಿನಿಂದ ಹೊರಗೆ ಬರೋದನ್ನು ಕಲಿತ ಮೇಲೆ ಮಾತ್ರ ಹರಿಯುವ ನೀರು. ಕನ್ನಡಕ ಇದ್ದರೆ ಹಿಂದೆ ದಾರ ಕಟ್ಟಿಕೊಂಡು ಬನ್ನಿ, ಚಪ್ಪಲಿ ಬೇಡ, ಹಿಮ್ಮಡಿ ಕಟ್ಟುವ ಸ್ಯಾಂಡಲ್ ತನ್ನಿ. ಹೊರಡುವ ಮುಂಚಿನ ಸಂಜೆ ಮೆಸೇಜ್ ಹಾಕಿ, ನೀರು ಬಿಡ್ತಾರಾ ಇಲ್ವಾ ಅಂತ ಕೇಳಿ ಹೇಳ್ತೇನೆ. ಇಲ್ಲ ಅಂದರೆ ಬಸ್ಸು ಹತ್ತಬೇಡಿ.